ಶುಕ್ರವಾರದ ತುಪ್ಪ

ಪಿಯಾಸಾ ಪೇಟೆಯಲ್ಲಿ ಒಂದು ಹೋಟೆಲಿನ ಬಗ್ಗೆ ಅಭಿಪ್ರಾಯ ಹೇಳಲು ಅಲ್ಲಿ ಊಟ ಮಾಡಿರಬೇಕೆಂಬ ನಿಯಮವೇನೂ ಇಲ್ಲ. ಇದು ನಾನು ಮೂವತ್ತೊಂದು ವರ್ಷ ಕೂತಲ್ಲೇ ಕೂತು ಕಲಿತ ವಿದ್ಯೆ. ಅಡಿಸ್ ಅಬಾಬಾದ ನಗರಸಭೆಯ ಗೇಟಿನೆದುರು ಕೊಡೆ ನೆಟ್ಟು, ಅದರಡಿ ಒಂದು ಮೇಜು, ಎರಡು ಸ್ಟೂಲು ಹಾಕಿಕೊಂಡು, ಊರೂರುಗಳಿಂದ ಬಂದವರಿಗೆ ಅರ್ಜಿ ಬರೆದುಕೊಡುವುದು ನನ್ನ ಕಸುಬು. ಜಾಗದ ತಕರಾರು, ಹೆಸರಿನ ತಿದ್ದುಪಡಿ, ತೀರಿಹೋದ ಗಂಡನ ಪಿಂಚಣಿ, ಏನಿದ್ದರೂ ನನ್ನ ಹತ್ತಿರ ಬರುತ್ತಾರೆ. ಬರೆಸಿಕೊಂಡು ಏಳುವಾಗ ಎಲ್ಲರೂ, ಹಿರಿಯನೆಂಬ ಮರ್ಯಾದೆಗೆ ಗಾಶೆ ಎಂದು ಕರೆದು, ಕೇಳುವುದು ಒಂದೇ ಮಾತು. ಗಾಶೆ, ಇಲ್ಲಿ ಊಟಕ್ಕೆ ಎಲ್ಲಿಗೆ ಹೋಗೋದು?

ನಾನು ಬಾಯಿ ತೆರೆಯುವ ಮೊದಲೇ ಸುತ್ತ ನಿಂತವರು ಶುರು ಮಾಡಿರುತ್ತಾರೆ. ಮೆಟ್ಟಿಲಿಳಿದು ಹೋಗುವ ಹೋಟೆಲಿನವರಿಗೆ ಈರುಳ್ಳಿ ಬೇಯುವ ತನಕ ಕಾಯುವ ತಾಳ್ಮೆ ಇಲ್ಲ. ಚಿನ್ನದಂಗಡಿಗಳ ಮೇಲಿನ ಮಹಡಿಯವರು ನಮ್ಮ ಹುಳಿರೊಟ್ಟಿ ಇಂಜೆರಾದ ಹಿಟ್ಟಿಗೆ ಅಕ್ಕಿ ಬೆರೆಸುತ್ತಾರೆ, ಅದಕ್ಕೇ ಅದು ಮಧ್ಯಾಹ್ನಕ್ಕೆಲ್ಲ ಚಕ್ಕಳವಾಗುತ್ತದೆ. ಟಾಕೀಸಿನ ಪಕ್ಕದವನಲ್ಲಿ ಮಾಂಸವೇನೋ ಚೆನ್ನ, ಆದರೆ ಮಾಣಿಗೆ ಕೊಬ್ಬು. ಇಟಲಿಯವರ ಕಾಲದ ಬೇಕರಿಯಲ್ಲಿ ಕಾಫಿ ಕುಡಿಯಬೇಕೇ ಹೊರತು ಕೇಕು ಮುಟ್ಟಬಾರದು. ಹೀಗೆ ಒಬ್ಬೊಬ್ಬರೂ ಆಣೆ ಮಾಡಿದಂತೆ ಹೇಳುತ್ತಾರೆ. ಹೇಳುವವರಲ್ಲಿ ಅರ್ಧ ಜನ ಮನೆಯಿಂದ ಡಬ್ಬಿ ತರುವವರು.

ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿ ಹೋಗಿತ್ತು. ಬಹಳ ಒತ್ತಾಯ ಮಾಡಿದರೆ ಒಂದು ಹೋಟೆಲಿನ ಕಡೆ ಪೆನ್ನು ತೋರಿಸಿ "ಅಲ್ಲಿ ಹೊಟ್ಟೆ ಕೆಡಲ್ಲ" ಎನ್ನುತ್ತಿದ್ದೆ. ಅದಕ್ಕಿಂತ ದೊಡ್ಡ ಹೊಗಳಿಕೆ ನನ್ನ ಬಾಯಿಂದ ಯಾರೂ ಕೇಳಿರಲಿಲ್ಲ. ಮೆಕುರಿಯಾ ಹೊಗಳುವವನಲ್ಲ, ಅವನು ಹೊಟ್ಟೆ ಕೆಡಲ್ಲ ಅಂದರೆ ಕಣ್ಣು ಮುಚ್ಚಿ ಹೋಗಿ ಎಂದು ಜನ ಒಬ್ಬರಿಗೊಬ್ಬರು ಹೇಳುತ್ತಿದ್ದರು. ಜೊತೆಗೆ, ಈತ ಒಂದು ಉಪವಾಸವನ್ನೂ ತಪ್ಪಿಸದವನು ಎಂಬ ಹೆಸರೂ ನನಗಿತ್ತು. ಹೀಗೆ ಸಿಡುಕು ಮತ್ತು ಭಕ್ತಿ ಎರಡೂ ಸೇರಿ ನನ್ನ ಮಾತಿಗೆ ಇಲ್ಲದ ತೂಕ ಬಂದುಬಿಟ್ಟಿತ್ತು.

ನಾನು ಊಟ ಮಾಡುತ್ತಿದ್ದುದು ಹಸಿರು ಬಾಗಿಲಲ್ಲಿ. ಅದಕ್ಕೆ ಬೋರ್ಡಿರಲಿಲ್ಲ, ಬಾಗಿಲಿನ ಬಣ್ಣವೇ ಹೆಸರಾಗಿತ್ತು. ಮರದ ಉಪ್ಪರಿಗೆಯ ಹಳೆಯ ಕಟ್ಟಡದ ಕೆಳಗೆ ಒಂದೇ ಕೋಣೆ, ನಾಲ್ಕು ಮೇಜು, ಹಿಂದೆ ಅಡುಗೆಮನೆ. ಇಪ್ಪತ್ತೆರಡು ವರ್ಷದಿಂದ ಅದನ್ನು ನಡೆಸುತ್ತಿದ್ದವಳು ಬೆಲೈನೆಶ್. ಐವತ್ತೈದರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಎಲ್ಲರೂ ಅವಳನ್ನು ಎತೀಯೆ ಎನ್ನುತ್ತಿದ್ದರು, ಅಕ್ಕ ಅಂದ ಹಾಗೆ. ನಾನೊಬ್ಬ ವಯಸ್ಸಿನಲ್ಲಿ ದೊಡ್ಡವನು, ಬೆಲೈ ಎಂದೇ ಕರೆಯುತ್ತಿದ್ದೆ.

ಬುಧವಾರ, ಶುಕ್ರವಾರ ನಮ್ಮಲ್ಲಿ ಉಪವಾಸ, ಇಳಿಹೊತ್ತಿನ ತನಕ ಏನೂ ತಿನ್ನುವಂತಿಲ್ಲ, ಆಮೇಲೂ ಮಾಂಸ, ಹಾಲು, ತುಪ್ಪ ಮುಟ್ಟುವಂತಿಲ್ಲ. ಆ ದಿನಗಳಲ್ಲಿ ಅವಳ ಉಪವಾಸದ ಶಿರೋ ತಿನ್ನಲು ಜನ ಬಾಗಿಲಾಚೆ ನಿಂತು ಕಾಯುತ್ತಿದ್ದರು. ಅದರಲ್ಲಿರುವುದು ಕಡಲೆಹಿಟ್ಟು, ಬೆಳ್ಳುಳ್ಳಿ, ಒಣಮೆಣಸಿನ ಪುಡಿ, ಎಣ್ಣೆ, ಅಷ್ಟೇ. ಆ ಅಷ್ಟರಲ್ಲೇ ಅವಳು ಏನು ಮಾಡುತ್ತಿದ್ದಳೋ, ಮಣ್ಣಿನ ಕುಡಿಕೆಯಲ್ಲಿ ತೊಳತೊಳ ಕುದಿಯುತ್ತ ಮೇಜಿಗೆ ಬಂದರೆ ಅರ್ಜಿ ತಿರಸ್ಕಾರವಾದವನೂ ಸುಮ್ಮನಾಗುತ್ತಿದ್ದ. ಉಪವಾಸಕ್ಕೆ ಅವಳಲ್ಲಿ ಪಾತ್ರೆ ಬೇರೆ, ಸೌಟು ಬೇರೆ. ಹಿಂದಿನ ಸಂಜೆಯೇ ತುಪ್ಪದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಜಡಿಯುತ್ತಿದ್ದಳು. ಬೀಗದ ಕೈ ಅವಳ ಕೊರಳಲ್ಲಿ, ದೀಕ್ಷಾಸ್ನಾನದ ಕಪ್ಪು ದಾರದಲ್ಲಿ, ಶಿಲುಬೆಯ ಪಕ್ಕ ತೂಗುತ್ತಿತ್ತು. ಅದನ್ನು ಯಾರೂ ಕೇಳಿ ಮಾಡಿಸಿದ್ದಲ್ಲ. ಅವಳ ಸ್ವಭಾವವೇ ಹಾಗೆ.

ನನ್ನ ಹೆಂಡತಿ ತೀರಿಕೊಂಡ ವರ್ಷ ನಾಲ್ಕು ದಿನ ನನಗೆ ಅನ್ನ ಇಳಿಯಲಿಲ್ಲ. ಐದನೆಯ ದಿನ ಅಭ್ಯಾಸಬಲದಿಂದ ಹಸಿರು ಬಾಗಿಲಿಗೆ ಹೋಗಿ ಸುಮ್ಮನೆ ಕೂತಿದ್ದೆ. ಬೆಲೈನೆಶ್ ಸಮಾಧಾನದ ಮಾತು ಒಂದೂ ಆಡಲಿಲ್ಲ. ಪಕ್ಕದಲ್ಲಿ ಕೂತು, ಇಂಜೆರಾ ಹರಿದು, ಸುತ್ತಿ, ತನ್ನ ಕೈಯಿಂದಲೇ ನನ್ನ ಬಾಯಿಗೆ ಒಂದು ತುತ್ತು ಇಟ್ಟಳು. ನಮ್ಮಲ್ಲಿ ಇದಕ್ಕೆ ಗುರ್ಶಾ ಅನ್ನುತ್ತೇವೆ. ಬೇಡವೆನ್ನುವಂತಿಲ್ಲ, ಒಂದು ಕೊಟ್ಟರೆ ಇನ್ನೊಂದನ್ನೂ ತೆಗೆದುಕೊಳ್ಳಬೇಕು. ಕೊಡುವ ಕೈಯನ್ನು ಪರೀಕ್ಷೆ ಮಾಡುವಂತೆಯೂ ಇಲ್ಲ. ಆ ಎರಡು ತುತ್ತಿನ ಋಣ ನನ್ನ ಮೇಲಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ, ಮುಂದಿನದು ಕೇಳಿದರೆ ನೀವು ನನ್ನನ್ನು ಕೃತಘ್ನ ಎಂದುಕೊಂಡೀರಿ. ಅಂದುಕೊಂಡರೂ ಅಡ್ಡಿಯಿಲ್ಲ.

ಅದಾಗಿ ಹಲವು ವರ್ಷವಾಗಿತ್ತು. ಆ ಸಲ ಫಾಸಿಕಾ ಹಬ್ಬ ಮುಗಿದು ಐದನೆಯ ವಾರ. ಫಾಸಿಕಾಗೆ ಮುಂಚೆ ಐವತ್ತೈದು ದಿನ ಕಟ್ಟುನಿಟ್ಟಿನ ಉಪವಾಸ, ಆಮೇಲೆ ಐವತ್ತು ದಿನ ಉಪವಾಸವೇ ಇಲ್ಲ. ಯೇಸು ಎದ್ದು ಬಂದ ಸಂತೋಷಕ್ಕೆ ಬುಧವಾರ, ಶುಕ್ರವಾರಗಳಿಗೂ ರಜೆ. ಎಳೆ ಮಗುವಿಗೂ ಗೊತ್ತಿರುವ ಈ ಲೆಕ್ಕವನ್ನು ಆ ವರ್ಷ ನಾನು ಎಷ್ಟು ಜನಕ್ಕೆ ಬಿಡಿಸಿ ಹೇಳಿದೆನೋ ನನಗೇ ತಿಳಿಯದು. ಆ ಐವತ್ತರ ಒಳಗಿನ ಒಂದು ಶುಕ್ರವಾರ ಬೆಲೈನೆಶ್ ಶಿರೋದ ಮೇಲೆ ಮಸಾಲೆ ಹಾಕಿ ಕಾಯಿಸಿದ ತುಪ್ಪವನ್ನು ಒಂದು ಸೌಟು ಧಾರಾಳವಾಗಿ ಸುರಿದಳು. ಹಸುವಿನ ಹೊಸ ತುಪ್ಪ, ಏಲಕ್ಕಿಯ ಘಮ. ತಿಂದು ಹೊರಗೆ ಬಂದವನಿಗೆ, ಎಷ್ಟೋ ವರ್ಷದ ಮೇಲೆ, ಬದುಕಿರುವುದು ಅಂಥ ಕೆಟ್ಟ ವಿಷಯವೇನಲ್ಲ ಅನ್ನಿಸಿತು.

ಗೇಟಿನ ಪಕ್ಕ ಯೆಶಿ ಎಂಬ ಹುಡುಗಿ ಕೆಂಡದೊಲೆ ಇಟ್ಟುಕೊಂಡು ಕಾಫಿ ಮಾರುತ್ತಾಳೆ. ಊಟವಾದ ಮೇಲೆ ಅವಳಲ್ಲಿ ಒಂದು ಬಟ್ಟಲು ಕುಡಿಯುವುದು ನನ್ನ ವಾಡಿಕೆ. ಅವತ್ತು ನನ್ನ ಮುಖ ನೋಡಿ ಅವಳು ಕೆಣಕಿದಳು.

"ಏನು ಗಾಶೆ, ಮುಖದಲ್ಲಿ ಕಳೆ ಬಂದಿದೆ. ಯಾರಾದ್ರೂ ಹೆಣ್ಣು ಕೊಡ್ತೀನಿ ಅಂದ್ರಾ?"

"ಹೆಣ್ಣೂ ಇಲ್ಲ ಗಿಣ್ಣೂ ಇಲ್ಲ," ಎಂದೆ. "ಶುಕ್ರವಾರದ ಶಿರೋಗೆ ತುಪ್ಪ ಬಿದ್ರೆ ಹೇಗಿರತ್ತೆ ಅಂತ ಇವತ್ತು ಗೊತ್ತಾಯ್ತು. ಬೆಲೈನೆಶ್ ಹಾಕಿದ ತುಪ್ಪ ಮೊಣಕೈ ತನಕ ಇಳೀತು ಕಣೇ. ಹುಟ್ಟಿದಾಗಿಂದ ಅಂಥಾದ್ದು ತಿಂದಿಲ್ಲ."

ಪಕ್ಕದಲ್ಲಿ ಲಾಟರಿ ಮಾರುವ ಶಿಫೆರಾ ನಿಂತಿದ್ದ. ಎದೆಗೆ ಟಿಕೆಟಿನ ಹಲಗೆ ಕಟ್ಟಿಕೊಂಡು ಬೆಳಗಿನಿಂದ ಸಂಜೆಯ ತನಕ ಅರ್ಧ ಊರು ಸುತ್ತುವವನು. ಟಿಕೆಟು ಮಾರುವ ಮೊದಲು ಒಂದು ಸುದ್ದಿ ಕೊಡುವುದು ಅವನ ವ್ಯಾಪಾರದ ರೀತಿ. ಮೆಕುರಿಯಾ ಗಾಶೆ ಬಾಯಿಬಿಟ್ಟು ಹೊಗಳಿದರು ಎನ್ನುವುದಕ್ಕಿಂತ ದೊಡ್ಡ ಸುದ್ದಿ ಅವನಿಗೆ ಆ ವಾರ ಸಿಕ್ಕಿರಲಿಕ್ಕಿಲ್ಲ. ಅವನು ನಗುತ್ತ ಹೋದದ್ದು ನನಗೆ ನೆನಪಿದೆ. ನಾನೂ ನಗುತ್ತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದ ಮಾತು ಎಲ್ಲೆಲ್ಲಿ ತಿರುಗಿ, ಯಾವತ್ತು ವಾಪಸು ಬರುತ್ತದೆ ಎನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಐವತ್ತು ದಿನ ಮುಗಿಯಿತು. ಉಪವಾಸಗಳು ಮತ್ತೆ ಶುರುವಾದವು, ಮಳೆಯೂ ಹಿಡಿಯಿತು. ಆ ದಿನಗಳಲ್ಲಿ ಹಸಿರು ಬಾಗಿಲಲ್ಲಿ ಜನ ಕಡಿಮೆಯಾದದ್ದನ್ನು ನಾನು ಗಮನಿಸಿದ್ದೆ. ಮಳೆಗೆ ಯಾರು ಬರುತ್ತಾರೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಕಾಯದೆ ಜಾಗ ಸಿಗುತ್ತದಲ್ಲ ಎಂದು ಖುಷಿಯೂ ಆಗಿತ್ತು.

ಒಂದು ಬುಧವಾರ ದೆಬ್ರೆ ಬಿರ್ಹಾನ್ ಕಡೆಯ ಒಬ್ಬ ಮುದುಕಿ ಅರ್ಜಿ ಬರೆಸಲು ಬಂದಳು. ಎಪ್ಪತ್ತೈದು ದಾಟಿರಬೇಕು. ಬರೆದು ಮುಗಿಸುವ ಹೊತ್ತಿಗೆ ಉಪವಾಸ ಬಿಡುವ ಇಳಿಹೊತ್ತಾಗಿತ್ತು. ಊಟಕ್ಕೆ ಎಲ್ಲಿ ಎಂದು ಕೇಳಿದಳು. ನಾನು ಪೆನ್ನಿನಿಂದ ಹಸಿರು ಬಾಗಿಲು ತೋರಿಸಿದೆ. ಮುದುಕಿ ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು.

"ಅಲ್ಲಿಗೆ ಬೇಡಪ್ಪ. ಅವಳು ಶುಕ್ರವಾರದ ಶಿರೋಗೂ ತುಪ್ಪ ಸುರೀತಾಳಂತೆ."

ಯಾರು ಹೇಳಿದ್ದು ಎಂದು ಕೇಳಿದೆ.

"ಬಸ್ಸಲ್ಲಿ ಮಾತಾಡ್ತಿದ್ರು. ಗಾಳಿಮಾತಲ್ಲ, ತಿಂದವರೇ ಹೇಳಿದ್ದಂತೆ. ಇಲ್ಲೇ ಎಲ್ಲೋ ಅರ್ಜಿ ಬರೆಯೋ ಮೆಕುರಿಯಾ ಅಂತ ಇದಾರಂತೆ, ಒಂದು ಉಪವಾಸ ಬಿಟ್ಟವರಲ್ಲವಂತೆ. ಅಂಥವರಿಗೇ ತಿನ್ನಿಸಿಬಿಟ್ಟಿದಾಳಲ್ಲ ಪಾಪಿ."

ನನ್ನ ಕೈಯಲ್ಲಿ ಪೆನ್ನು ಹಾಗೇ ನಿಂತಿತು. ನಾನೇ ಮೆಕುರಿಯಾ ಎಂದೆ. ಅವಳು ನನ್ನನ್ನು ಬಹಳ ಕರುಣೆಯಿಂದ ನೋಡಿ, ಮೇಜಿನ ಮೇಲಿದ್ದ ನನ್ನ ಕೈ ಸವರಿದಳು. "ಅಯ್ಯೋ ಮಗನೇ," ಎಂದಳು. "ಪಾದ್ರಿಗಳ ಹತ್ರ ಹೇಳ್ಕೊಂಡ್ಯಾ?"

ಐವತ್ತು ದಿನದ ಲೆಕ್ಕವನ್ನು ಬೆರಳು ಮಡಚಿ ಮಡಚಿ ಹೇಳಿದೆ. ತಿಂದದ್ದು ಐದನೆಯ ವಾರದಲ್ಲಿ, ತುಪ್ಪಕ್ಕೆ ಅಡ್ಡಿಯಿಲ್ಲದ ಶುಕ್ರವಾರದಲ್ಲಿ, ನಾನು ಆಡಿದ್ದು ದೂರಲ್ಲ, ಹೊಗಳಿಕೆ ಎಂದೆ. ಮುದುಕಿ ಎಲ್ಲವನ್ನೂ ಕೇಳಿ ತಲೆಯಾಡಿಸಿದಳು. ಇರಬಹುದು, ಆದರೂ ಯಾಕೆ ಬೇಕು ಎಂದು ಹೇಳಿ, ಇಂಜೆರಾಗೆ ಅಕ್ಕಿ ಬೆರೆಸುವವರ ಮಹಡಿಯನ್ನು ಮೆಲ್ಲಗೆ ಹತ್ತಿ ಹೋದಳು. ಹಸಿರು ಬಾಗಿಲಿನ ಖಾಲಿ ಕುರ್ಚಿಗಳು ಆಗ ನನ್ನ ಕಣ್ಣ ಮುಂದೆ ಬಂದವು. ತಪ್ಪನ್ನು ಮಳೆಯ ಮೇಲೆ ಹೊರಿಸಿದ್ದೆನಲ್ಲ, ಮಳೆ ಏನೂ ಮಾಡಿರಲಿಲ್ಲ.

ಅವತ್ತೇ ಹೋಗಿ ಬೆಲೈನೆಶ್‌ಗೆ ಹೇಳಿದೆ. ಅವಳಿಗೆ ಮಾತು ಹಬ್ಬಿರುವುದು ಗೊತ್ತಿತ್ತು, ಎಲ್ಲಿಂದ ಹುಟ್ಟಿತೆಂದು ಗೊತ್ತಿರಲಿಲ್ಲ. ತಟ್ಟೆ ಒರೆಸುತ್ತಿದ್ದ ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ನೀವು ಹೊಗಳಿದ್ದಾ?" ಎಂದಳು.

ಹೌದೆಂದೆ.

"ಇಪ್ಪತ್ತೆರಡು ವರ್ಷದಲ್ಲಿ ನನ್ನೆದುರಿಗೆ ಒಂದ್ಸಲ ಚೆನ್ನಾಗಿದೆ ಅಂದಿಲ್ಲ ನೀವು. ಅಂದಿದ್ದು ಲಾಟರಿಯವನ ಮುಂದೆ."

ಅಷ್ಟೇ ಹೇಳಿದ್ದು. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಆ ಮಾತು ಮಾತ್ರ ಇವತ್ತಿಗೂ ಚುಚ್ಚುತ್ತದೆ, ಯಾಕೆಂದರೆ ಅದು ನಿಜ.

ಸರಿಪಡಿಸಲು ಹೊರಟೆ. ಮೊದಲು ಶಿಫೆರಾನನ್ನು ಹಿಡಿದೆ. ಅವನು ಟಿಕೆಟಿನ ಹಲಗೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡುವವನಂತೆ ನಿಂತ. "ಶುಕ್ರವಾರ ಅಂದ್ರೋ ಇಲ್ವೋ? ತುಪ್ಪ ಅಂದ್ರೋ ಇಲ್ವೋ? ನಾನು ಒಂದಕ್ಷರ ಸೇರಿಸಿಲ್ಲ ಗಾಶೆ. ನಡುವೆ ದಿನ ಕಳೀತು, ಅದಕ್ಕೆ ನಾನೇನು ಮಾಡ್ಲಿ?" ಅವನು ಹೇಳಿದ್ದರಲ್ಲೂ ಸುಳ್ಳಿಲ್ಲ. ಮಾತು ನಡೆದುಕೊಂಡು ಹೋಗುತ್ತಿದ್ದಾಗ ಅದರ ಹಿಂದಿನಿಂದ ಪಂಚಾಂಗ ಬದಲಾಗಿತ್ತು, ಅಷ್ಟೇ. ಒಳ್ಳೆಯ ಮನಸ್ಸಿನವನು, ಮತ್ತೆ ಊರು ಸುತ್ತಿ ತಿದ್ದುತ್ತೇನೆ ಎಂದ. ತಿದ್ದಿದ ಕೂಡ. ಎರಡು ವಾರದಲ್ಲಿ ಹೊಸ ಮಾತು ಗೇಟಿನ ಹತ್ತಿರ ಬಂತು. ಮೆಕುರಿಯಾ ಈಗ ತಿಂದೇ ಇಲ್ಲ ಅಂತಿದಾನಂತೆ, ಪಾಪ, ಪಾದ್ರಿಗಳಿಗೆ ಹೆದರಿಕೊಂಡಿದಾನೆ. ಇನ್ನೊಬ್ಬ ಹೇಳಿದ, ಅವಳು ಅವನಿಗೆ ದಿನಾ ಪುಕ್ಕಟೆ ಊಟ ಹಾಕ್ತಾಳೆ, ಇಲ್ಲದಿದ್ದರೆ ಇವನ್ಯಾಕೆ ಇಷ್ಟು ಒದ್ದಾಡ್ತಾನೆ.

ನನ್ನ ಕೈಯಲ್ಲಿದ್ದ ವಿದ್ಯೆ ಬರವಣಿಗೆ ಒಂದೇ. ಅದನ್ನೂ ಪ್ರಯೋಗಿಸಿದೆ. ಒಳ್ಳೆಯ ಕಾಗದದಲ್ಲಿ, ದೊಡ್ಡ ಅಕ್ಷರದಲ್ಲಿ, "ಇಲ್ಲಿ ಉಪವಾಸದ ದಿನಗಳಲ್ಲಿ ತುಪ್ಪ ಬಳಸುವುದಿಲ್ಲ" ಎಂದು ಬರೆದು ಹಸಿರು ಬಾಗಿಲಿಗೆ ಅಂಟಿಸಿದೆ. ಆ ಗಾಳಿಮಾತು ಕಿವಿಗೇ ಬೀಳದಿದ್ದವರೂ ಈಗ ನಿಂತು ಓದತೊಡಗಿದರು. ಯಾಕಪ್ಪ ಹೀಗೆ ಬರೆದಿದಾರೆ, ಏನೋ ಇರಬೇಕು ಎಂದು ಪಕ್ಕದವರನ್ನು ಕೇಳಿ ತಿಳಿದುಕೊಂಡು ಮುಂದೆ ಹೋದರು. ಎರಡನೆಯ ದಿನ ಬೆಲೈನೆಶ್ ಅದನ್ನು ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆದಳು. ಅರ್ಧ ಕಾಗದ ಬಾಗಿಲಿಗೇ ಅಂಟಿಕೊಂಡು ಉಳಿಯಿತು.

ಕೊನೆಗೆ ನನ್ನ ಪಾಪನಿವೇದನೆ ಕೇಳುವ ಪಾದ್ರಿ, ಅಬ್ಬಾ ಎಂದು ನಾವು ಕರೆಯುವವರ ಹತ್ತಿರ ಹೋಗಿ ಬೇಡಿಕೊಂಡೆ. ಒಂದು ಶುಕ್ರವಾರ ನೀವು ಬಂದು ಆ ಮೇಜಿನಲ್ಲಿ ಕೂತು ಒಂದು ತುತ್ತು ತಿಂದರೆ ಊರ ಬಾಯಿ ಮುಚ್ಚುತ್ತದೆ ಎಂದೆ. ಅಬ್ಬಾ ಮುದುಕರು, ತಿಳಿದವರು. ನಾನು ಬಂದು ತಿಂದರೆ, ಹೋಟೆಲು ಸುತ್ತುವ ಪಾದ್ರಿ ಎಂದು ನನ್ನ ಮೇಲೆ ಬರುತ್ತದೆ, ನಿನ್ನ ಮಾತನ್ನು ನಾನೇಕೆ ಹೊರಲಿ ಎಂದರು. ನಾಲಿಗೆಯ ಚಪಲಕ್ಕೆ ಪ್ರಾಯಶ್ಚಿತ್ತವೆಂದು ನೂರು ಸಾಷ್ಟಾಂಗ ನಮಸ್ಕಾರ ಹಾಕಿಸಿದರು. ಅರುವತ್ತನಾಲ್ಕರ ಮೊಣಕಾಲು ಒಂದು ವಾರ ಬಗ್ಗಲಿಲ್ಲ.

ಅಷ್ಟರಲ್ಲಿ ಫಿಲ್ಸೆತಾ ಬಂತು. ಮಾತೆ ಮರಿಯಮ್ಮನ ಹೆಸರಿನ ಹದಿನೈದು ದಿನದ ಉಪವಾಸ, ಮಕ್ಕಳೂ ಬಿಡುವುದಿಲ್ಲ. ಪೂರ್ತಿ ಪಿಯಾಸಾ ಉಪವಾಸದ ಊಟ ಹುಡುಕುವ ಕಾಲ ಅದು. ಬೇರೆ ವರ್ಷ ಆ ಹದಿನೈದು ದಿನ ಹಸಿರು ಬಾಗಿಲಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ. ಆ ವರ್ಷ ನಾನೊಬ್ಬ. ಪಾತ್ರೆ ತೊಳೆಯುತ್ತಿದ್ದ ಹೆಂಗಸನ್ನೂ ಬೆಲೈನೆಶ್ ಬೇರೆ ಕಡೆ ಕೆಲಸ ನೋಡಿಕೋ ಎಂದು ಕಳಿಸಿಬಿಟ್ಟಿದ್ದಳು. ಮೂರು ಮೇಜಿನ ಮೇಲೆ ಕುರ್ಚಿಗಳನ್ನು ತಲೆಕೆಳಗು ಮಾಡಿ ಇಟ್ಟಿದ್ದಳು, ನನ್ನ ಮೇಜೊಂದನ್ನು ಒರೆಸಿಟ್ಟಿರುತ್ತಿದ್ದಳು.

ಬಾಗಿಲು ಯಾಕೆ ತೆಗೆಯುತ್ತೀ, ಸ್ವಲ್ಪ ದಿನ ತಂಗಿಯ ಮನೆಗೆ ಹೋಗಿ ಬಾ ಎಂದೆ ಒಂದು ದಿನ. ತಂಗಿ ಇರುವುದು ದೆಸ್ಸಿಯೆಯಲ್ಲಿ.

"ಬೆಳಿಗ್ಗೆ ಒಲೆ ಹಚ್ಚೋಕೆ ಕೈ ಬರಲ್ಲ ಗಾಶೆ," ಎಂದಳು. "ಆದ್ರೂ ಹಚ್ತೀನಿ. ಯಾಕೆ ಗೊತ್ತಾ? ಅನುಮಾನ ಇಲ್ದೆ ನನ್ನ ಕೈ ಅಡುಗೆ ತಿನ್ನೋರು ಒಬ್ರು ಇನ್ನೂ ಇದಾರೆ ಅಂತ. ಒಬ್ರು ಇದ್ರೆ ನಾಳೆ ಇಬ್ರಾಗ್ತಾರೆ. ಹೊಸ ವರ್ಷದ ತನಕ ನೋಡ್ತೀನಿ. ಆ ಒಬ್ರೂ ಇಲ್ಲ ಅಂದ್ರೆ ಆವತ್ತೇ ಮುಚ್ತೀನಿ."

ಇಷ್ಟು ಆದಮೇಲೂ ಬಾಯಿಬಿಟ್ಟು "ಚೆನ್ನಾಗಿದೆ" ಅನ್ನಲು ನನಗೆ ಬರಲಿಲ್ಲ. ಈಗ ಅಂದರೆ ಸಮಾಧಾನಕ್ಕೆ ಅಂದಂತಾಗುತ್ತದೆ ಅನ್ನಿಸಿತು. ಸೆಪ್ಟೆಂಬರಿನಲ್ಲಿ ಬರುವ ನಮ್ಮ ಹೊಸ ವರ್ಷಕ್ಕೆ ಇನ್ನು ತಿಂಗಳೂ ಇರಲಿಲ್ಲ. ಅಷ್ಟು ದಿನ ತಪ್ಪದೆ ಬಂದು ತಿನ್ನುವುದು ನನ್ನ ಕೈಲಾಗುವ ಕೆಲಸ, ಅದೊಂದನ್ನಾದರೂ ನೆಟ್ಟಗೆ ಮಾಡುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಫಿಲ್ಸೆತಾದ ಎರಡನೆಯ ಶುಕ್ರವಾರ ಬೆಳಿಗ್ಗೆ ಯೆಶಿ ಒಲೆ ಊದುತ್ತ ಏನೇನೋ ಮಾತಾಡುತ್ತಿದ್ದಳು. ಆ ವಾರ ಅಂಗಡಿಗಳಲ್ಲಿ ಅಡುಗೆ ಎಣ್ಣೆ ಸಿಗುತ್ತಿರಲಿಲ್ಲ. ಸರದಿಯಲ್ಲಿ ನಿಂತವರೂ ಬರಿಗೈಲಿ ಬರುತ್ತಿದ್ದರು. "ಮಹಡಿಯವರೇ ಎಣ್ಣೆ ಇಲ್ಲ ಅಂತ ಎರಡು ದಿನ ಮುಚ್ಚಿದ್ರು ಗಾಶೆ," ಎಂದಳು ಯೆಶಿ. "ಹಸಿರು ಬಾಗಿಲಲ್ಲಿ ಮಾತ್ರ ಅದ್ಹೇಗೆ ದಿನಾ ಶಿರೋ ಆಗ್ತಿದೆಯೋ. ಏನು ಹಾಕ್ತಾರೋ."

ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ನಾನು ರೇಗಿ, ನೀನೂ ಶುರು ಮಾಡಿದೆಯಾ ಎಂದು ಬೈದು, ಅಲ್ಲಿಂದ ಎದ್ದೆ. ಬೆಲೈನೆಶ್ ಮುಂದಾಲೋಚನೆಯವಳು, ಎಣ್ಣೆ ಮೊದಲೇ ತಂದಿಟ್ಟಿರುತ್ತಾಳೆ ಎಂದು ನನಗೇ ಹೇಳಿಕೊಂಡೆ. ದಿನವಿಡೀ ಅರ್ಜಿ ಬರೆದೆ. ಒಂದು ಅರ್ಜಿಯಲ್ಲಿ ಅರ್ಜಿದಾರನ ಅಪ್ಪನ ಹೆಸರು ತಪ್ಪಿ ಬರೆದು ಹರಿದು ಹಾಕಿದೆ.

ಇಳಿಹೊತ್ತಿಗೆ ಹೋಗಿ ನನ್ನ ಮೇಜಿನಲ್ಲಿ ಕೂತೆ. ಹೊರಗೆ ಮಳೆ ಸುರಿಯುತ್ತಿತ್ತು. ಕೈ ತೊಳೆದು ಬರುವಷ್ಟರಲ್ಲಿ ಬೆಲೈನೆಶ್ ಇಂಜೆರಾ ಹರಡಿ, ಕುಡಿಕೆ ತಂದಿಟ್ಟು, ಒಳಗೆ ಹೋಗಲು ತಿರುಗಿದಳು. ಶಿರೋ ಎಂದಿನಂತೆ ಕುದಿಯುತ್ತಿತ್ತು. ಎಂದಿನಂತೆ ಅಂಚಿನಲ್ಲಿ ಕೆಂಪಗೆ ಜಿಡ್ಡು ನಿಂತಿತ್ತು. ನಾನು ಇಂಜೆರಾ ಹರಿದು, ಅದ್ದಿ, ಮೇಲಕ್ಕೆತ್ತಿದೆ. ಬಾಯಿಗೆ ಹೋಗಬೇಕಾದ ಕೈ ಮೂಗಿನ ಹತ್ತಿರ ನಿಂತಿತು. ನಾನು ಬೇಕೆಂದು ಮಾಡಿದ್ದಲ್ಲ. ಕೈ ತಾನಾಗಿ ನಿಂತಿತು, ಉಸಿರು ತಾನಾಗಿ ಒಳಗೆ ಹೋಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ.

ತಲೆ ಎತ್ತಿದರೆ ಬೆಲೈನೆಶ್ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಬಹಳ ದಿನ ನಿಂತು ನಿಂತು ಸೋತವರಿಗೆ ಯಾರೋ ಕೂರಲು ಹೇಳಿದರೆ ಹೇಗೆ ಕಾಣುತ್ತಾರೋ ಹಾಗೆ ಕಂಡಳು. ನಿಧಾನವಾಗಿ ಬಂದು, ಕೊರಳ ದಾರದಿಂದ ಬೀಗದ ಕೈಯನ್ನು ಬಿಡಿಸಿದಳು. ಗಂಟು ಹಳೆಯದು, ಬಿಚ್ಚಲು ಹೊತ್ತಾಯಿತು. ಬಿಚ್ಚಿ ನನ್ನ ತಟ್ಟೆಯ ಪಕ್ಕ ಇಟ್ಟಳು.

"ಕಪಾಟು ಅಲ್ಲೇ ಇದೆ ಗಾಶೆ," ಎಂದಳು. "ಊಟ ಆದ್ಮೇಲೆ ತೆಗೆದು ನೋಡ್ಕೊಂಡು ಹೋಗಿ."

"ಬೆಲೈ, ನಾನು ಹಾಗಲ್ಲ..."

"ಬಿಡಿ. ನಿಮ್ಮದೇನೂ ತಪ್ಪಿಲ್ಲ. ಊರೆಲ್ಲ ಉಸಿರಾಡೋ ಗಾಳೀನೇ ತಾನೇ ನೀವೂ ಉಸಿರಾಡೋದು. ಆರತ್ತೆ, ತಿನ್ನಿ."

ಒಳಗೆ ಹೋಗಿ ಒಲೆಯ ಕೆಂಡಕ್ಕೆ ನೀರು ಹಾಕಿದ ಸದ್ದು ಕೇಳಿಸಿತು. ಬೇರೆ ದಿನ ಕತ್ತಲಾಗುವ ತನಕ ಅವಳು ಒಲೆ ಆರಿಸುತ್ತಿರಲಿಲ್ಲ. ನಾನು ಬೀಗದ ಕೈ ಮುಟ್ಟಲಿಲ್ಲ. ಊಟ ಬಿಟ್ಟು ಏಳುವ ಧೈರ್ಯವೂ ಬರಲಿಲ್ಲ, ಎದ್ದರೆ ಅದಕ್ಕೆ ಇನ್ನೊಂದು ಅರ್ಥವಾಗುತ್ತಿತ್ತು. ಕೂತು ಎಲ್ಲವನ್ನೂ ತಿಂದೆ, ಕುಡಿಕೆಯ ತಳವನ್ನೂ ಸವರಿ ತಿಂದೆ. ಹೊರಡುವಾಗ ಅಡುಗೆಮನೆಯ ಕಡೆ ತಿರುಗಿ, ಚೆನ್ನಾಗಿತ್ತು ಬೆಲೈ, ಬಹಳ ಚೆನ್ನಾಗಿತ್ತು ಎಂದೆ. ಅವಳು ನೀರು ಬಿಟ್ಟು ಪಾತ್ರೆ ತೊಳೆಯುತ್ತಿದ್ದಳು. ಕೇಳಿಸಿತೋ ಇಲ್ಲವೋ.

ಶನಿವಾರ, ಭಾನುವಾರದ ರಜೆ ಕಳೆದು ಸೋಮವಾರ ಹೋದರೆ ಹಸಿರು ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಅವಳು ಹೊಸ ವರ್ಷದ ತನಕವೂ ಕಾಯಲಿಲ್ಲ. ದೆಸ್ಸಿಯೆಯ ತಂಗಿಯ ಮನೆಗೆ ಹೋದಳು ಎಂದು ಮೇಲಿನ ಮನೆಯವರು ಹೇಳಿದರು. ಗೇಟಿನ ಹತ್ತಿರ ಈ ವಿಷಯಕ್ಕೂ ನಾಲ್ಕು ದಿನ ಅಭಿಪ್ರಾಯಗಳು ಬಂದವು. ಪಾಪ ಎಂದವರೂ ಇದ್ದರು, ದೇವರು ನೋಡುತ್ತಾನೆ ಎಂದವರೂ ಇದ್ದರು. ಆಮೇಲೆ ಆ ಕೋಣೆಗೆ ಮೊಬೈಲ್ ರಿಪೇರಿಯವನು ಬಂದ, ಬಾಗಿಲಿಗೆ ನೀಲಿ ಬಣ್ಣ ಹೊಡೆಸಿದ.

ಈಗಲೂ ಅರ್ಜಿ ಬರೆಸಿದವರು ಊಟಕ್ಕೆ ಎಲ್ಲಿ ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ ಎನ್ನುತ್ತೇನೆ. ಸುತ್ತಲಿನವರು ಹೇಳಿಕೊಳ್ಳುತ್ತಾರೆ, ನಾನು ಕಿವಿಗೊಡುವುದಿಲ್ಲ. ಯಾವಾಗಲಾದರೊಮ್ಮೆ ಯಾರಾದರೂ ಹಳಬರು ಹಸಿರು ಬಾಗಿಲಿನ ಮಾತೆತ್ತುತ್ತಾರೆ. ಅಲ್ಲಿ ಉಪವಾಸದ ಶಿರೋಗೂ ತುಪ್ಪ ಹಾಕುತ್ತಿದ್ದರಂತೆ, ಹೌದೇ ಗಾಶೆ, ನೀವು ಅಲ್ಲೇ ತಿನ್ನುತ್ತಿದ್ದಿರಲ್ಲ ಎಂದು ಕೇಳುತ್ತಾರೆ. ಆಗ ಪೆನ್ನು ಕೆಳಗಿಟ್ಟು ಸ್ಪಷ್ಟವಾಗಿ ಹೇಳುತ್ತೇನೆ. ಇಲ್ಲ, ತುಪ್ಪ ಇರಲಿಲ್ಲ. ನಾನೇ ಮೂಸಿ ನೋಡಿದ್ದೇನೆ.